ಮೂರು ತಾಸು ಮೂವತ್ತೈದು ನಿಮಿಷ

ತಡಸ,
೨೨ ಫೆಬ್ರುವರಿ ೨೦೨೩

ಫಕ್ಕೀರೇಶನಿಗೆ,

ಈ ಪೊಟ್ಟಣದಲ್ಲಿ ಇರುವುದು ನಿನ್ನದೇ ಸೀರೆ. ನಿನ್ನ ಅಕ್ಕನ ಸಮಾಧಿಯ ಮೇಲೆ ಹೊದಿಸಿ ಹೋಗಿದ್ದೆಯಲ್ಲ, ಅದು. ಮೂರು ದಿನ ಬಿಸಿಲು, ಇಬ್ಬನಿ ಎರಡನ್ನೂ ಉಂಡಿತು. ನಾಲ್ಕನೆಯ ದಿನ ಬಾಜೂ ಹೊಲದ ಆಡು ಅದರ ಸೆರಗು ಕಚ್ಚಿ ಎಳೆಯುತ್ತಿತ್ತು. ಒಗೆಸಿ, ಇಸ್ತ್ರಿ ಮಾಡಿಸಿ ಕಳಿಸುತ್ತಿದ್ದೇನೆ. ಬಿಚ್ಚಿ ನೋಡಿಕೊ, ಎಲ್ಲೂ ಹರಿದಿಲ್ಲ.

ನಿನ್ನೆ ಹನ್ನೊಂದನೆಯ ದಿನದ ಕಾರ್ಯ ಮುಗಿಯಿತು. ನಿನಗೆ ಹೇಳಲಿಲ್ಲ. ಮರೆತು ಬಿಟ್ಟದ್ದಲ್ಲ, ಬೇಕಂತಲೇ ಹೇಳಲಿಲ್ಲ. ಆ ಭಾನುವಾರ ಬೆಳಿಗ್ಗೆ ನೀನು ನಮ್ಮ ಹೊಲದಲ್ಲಿ ನಿಂತು ಆಡಿದ ಮಾತನ್ನು ತಡಸದಲ್ಲಿ ಒಬ್ಬರೂ ಮರೆತಿಲ್ಲ. "ಕುಣಿ ತೆಗೀರಿ. ಅಕ್ಕಗ ತವರ ಸೀರಿ ಉಡಿಸಿ ಮತ್ತ ಮುಚ್ಚರಿ" ಅಂದೆ. ಹಿಂದಿನ ಸಂಜೆ ಮಣ್ಣು ಕೊಟ್ಟವಳನ್ನು! ಅಂದದ್ದಷ್ಟೇ ಅಲ್ಲ, ಸಲಿಕೆಗೆ ಕೈ ಹಾಕಿದೆ. ನಾಲ್ಕು ಜನ ಹಿಡಿದು ಎಳೆಯದಿದ್ದರೆ ಅಗೆದೇ ಬಿಡುತ್ತಿದ್ದೆಯೋ ಏನೋ. ಪೂಜಾ ಬದುವಿನ ಮೇಲೆ ನಿಂತು ಎಲ್ಲ ನೋಡಿದಳು. ತಾಯಿ ಸತ್ತ ಮರುದಿನ ಒಬ್ಬ ಮಗಳು ನೋಡುವ ನೋಟವೇನೋ ಅದು?

ನಿನ್ನ ನಂಬರ್ ಬ್ಲಾಕ್ ಮಾಡಿದ್ದೇನೆ. ನೀನು ಫೋನಿನಲ್ಲಿ ಹೇಳುವ ಮಾತಿನ ಮೇಲೆ ನನಗೆ ನಂಬಿಕೆ ಇಲ್ಲ. ಏನಾದರೂ ಹೇಳುವುದಿದ್ದರೆ ಕಾಗದದ ಮೇಲೆ ಬರೆ. ಬರೆದದ್ದು ನಾಳೆ ಬದಲಾಗುವುದಿಲ್ಲ.

ನಿನ್ನ ಅಕ್ಕ ಇದ್ದಾಗ ನೀನು ಈ ಮನೆಗೆ ಸಂಬಂಧ. ಈಗ ಏನು ಅಂತ ನನಗೆ ತಿಳಿಯದು.

ಗುದ್ಲೆಪ್ಪ


ದಿಬ್ರುಗಢ,
೭ ಮಾರ್ಚ್ ೨೦೨೩

ಗುದ್ಲೆಪ್ಪನವರಿಗೆ,

ಇಪ್ಪತ್ತಾರು ವರ್ಷ ನಿಮ್ಮನ್ನು ಮಾವ ಅಂತ ಕರೆದೆ. ಇನ್ನು ಮೇಲೆ ಹೆಸರೇ ಸಾಕು.

ಸೀರೆಯನ್ನು ತಿರುಗಿ ಕಳಿಸುತ್ತಿದ್ದೇನೆ. ಅದು ನನ್ನದಲ್ಲ, ನಾಗರತ್ನಾ ಅಕ್ಕನದು. ಹೋದ ವರ್ಷ ಪಂಚಮಿಗೆ ಅಂತ ಇಲ್ಲಿಯೇ ಕೊಂಡದ್ದು. ಆಗ ಇಲ್ಲಿ ನೆರೆ ಬಂದು ಹಳಿ ಕೊಚ್ಚಿಹೋಗಿತ್ತು, ರಜೆ ಸಿಗಲಿಲ್ಲ. ದೀಪಾವಳಿಗೂ ಬರಲಾಗಲಿಲ್ಲ. ಟ್ರಂಕಿನಲ್ಲಿ ಮಡಿಚಿ ಇಟ್ಟ ಸೀರೆಯನ್ನು ಆ ದಿನ ಎದೆಗೆ ಒತ್ತಿಕೊಂಡು ತಂದೆ. ಹಸಿರು ಸೀರೆ. ಹಸಿರು ಅವಳಿಗೆ ಇಷ್ಟ ಅಂತ ನಿಮಗಾದರೂ ಗೊತ್ತಿತ್ತೇ?

ಮುತ್ತೈದೆ ಸತ್ತರೆ ತವರಿನ ಸೀರೆ ಬರುವತನಕ ಹೆಣ ಎತ್ತುವುದಿಲ್ಲ. ಇದನ್ನು ನಾನು ಹುಟ್ಟಿಸಿದ್ದಲ್ಲ. ಕಡುಬಡವನೂ ಒಂದು ನೂಲಿನ ಸೀರೆ ಹಿಡಿದು ಓಡಿ ಬರುತ್ತಾನೆ, ಅವನ ದಾರಿ ಕಾಯುತ್ತಾರೆ. ನಮ್ಮ ಅಪ್ಪ, ಅವ್ವ ಇಲ್ಲ. ಅಬಲೂರಿನ ಮನೆಯಲ್ಲಿ ಈಗ ಬಾಡಿಗೆಗೆ ಮಾಸ್ತರರು ಇದ್ದಾರೆ. ಅಂದ ಮೇಲೆ ಅವಳ ತವರು ಅಂದರೆ ನಾನೊಬ್ಬನೇ. ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ನೀವು ಫೋನ್ ಮಾಡಿದಾಗ "ಹೊಂಟೇನಿ, ಕಾಯ್ರಿ" ಅಂತ ಎರಡೇ ಮಾತು ಹೇಳಿದೆ. ಅಂಗಿ ಬದಲಿಸದೆ ಹೊರಟೆ. ನೀವು ಅದೇ ಸಂಜೆ ಮಣ್ಣು ಕೊಟ್ಟು ಕೈ ತೊಳೆದುಕೊಂಡಿರಿ. ಒಂದು ರಾತ್ರಿ ಕಾಯಲಾಗಲಿಲ್ಲವೇ? ಇಪ್ಪತ್ತಾರು ವರ್ಷ ನಿಮಗೆ ರೊಟ್ಟಿ ಬಡಿದು ಹಾಕಿದವಳಿಗೆ ಒಂದೇ ಒಂದು ರಾತ್ರಿ?

ನನ್ನ ಅಕ್ಕನನ್ನು ಯಾರ ಸೀರೆ ಉಡಿಸಿ ಮಣ್ಣಿಗೆ ಕೂರಿಸಿದಿರಿ? ಅದನ್ನು ಬರೆಯಿರಿ. ಅಂಗಡಿಯಿಂದ ಸಿಕ್ಕದ್ದೊಂದನ್ನು ತರಿಸಿ ಸುತ್ತಿದಿರೋ, ಅಥವಾ ನಿಮ್ಮ ವರ್ಕ್‌ಶಾಪಿನ ತಾಡಪತ್ರಿ ಹೊದಿಸಿದಿರೋ?

ಫಕ್ಕೀರೇಶ


ತಡಸ,
೨೭ ಮಾರ್ಚ್ ೨೦೨೩

ಫಕ್ಕೀರೇಶನಿಗೆ,

ಸೀರೆ ಮತ್ತೆ ಬರುತ್ತಿದೆ, ಇಸಕೊ.

ನೀನು ದೊಡ್ಡ ಕಾಗದ ಬರೆದಿದ್ದೀ. ಆದರೆ ಬರೆಯಬೇಕಾದ ಒಂದೇ ಒಂದು ಸಂಗತಿ ಅದರಲ್ಲಿ ಇಲ್ಲ. ನೀನು ರೈಲ್ವೆಯಲ್ಲಿ ಹಳಿ ಅಳೆಯುವ ಮನುಷ್ಯ. ಇಂಚು ಬಿಡದೆ ಅಳೆದು ಪಗಾರ ತಗೊಳ್ಳುತ್ತೀ. ಆರೂ ಇಪ್ಪತ್ತಕ್ಕೆ ಫೋನ್ ಇಟ್ಟ ಮೇಲೆ ನಾವು ಎಷ್ಟು ತಾಸು ಕಾಯಬೇಕಾಗಿತ್ತು? ಅಂಕಿಯಲ್ಲಿ ಬರೆ. ಎರಡು ಅಕ್ಷರದ ಕೆಲಸ.

ಯಾರ ಸೀರೆ ಅಂತ ನನ್ನನ್ನು ಕೇಳಬೇಡ. ಸವಣೂರಿನ ತಸ್ಲೀಮಾಳನ್ನು ಕೇಳು. ನಿನ್ನ ಅಕ್ಕನ ಜೋಡಿ ಅಬಲೂರ ಸಾಲಿಯಲ್ಲಿ ಒಂದೇ ಪಾಟಿಯ ಮೇಲೆ ಬರೆದವಳು. ಅವಳು ನಿನಗೆ ನೆನಪಿದ್ದರೆ.

ಇನ್ನೊಂದು ಮಾತು. ಪೂಜಾನ ಲಗ್ನ ಗೊತ್ತಾಗಿದೆ. ಹಾನಗಲ್ಲಿನ ಮಹಾಲಿಂಗಪ್ಪನವರ ಮಗ ಹಾಲೇಶ. ನಿನ್ನ ಅಕ್ಕನೇ ನೋಡಿ ಒಪ್ಪಿದ ಹುಡುಗ. ವರ್ಷದೊಳಗೆ ಮಾಡಬೇಕು ಅಂತ ಹಿರಿಯರು ಹೇಳಿದ್ದಕ್ಕೆ ಮೇ ೨೧ರ ಭಾನುವಾರ ಹಾನಗಲ್ಲಿನಲ್ಲೇ ಅಕ್ಕಿಕಾಳು. ಪತ್ರಿಕೆ ಅಚ್ಚಾಗಿದೆ. ಸೋದರಮಾವ ಅನ್ನುವ ಜಾಗ ಖಾಲಿ ಬಿಡಿಸಿದ್ದೇನೆ. ನಾನು ಹೇಳುವುದಕ್ಕಿಂತ ಮೊದಲು ಬೇರೆಯವರಿಂದ ನಿನಗೆ ತಿಳಿಯಬಾರದು ಅಂತ ಬರೆದೆ. ಕರೆಯುವುದಕ್ಕಲ್ಲ.

ಗುದ್ಲೆಪ್ಪ


ದಿಬ್ರುಗಢ,
೧೨ ಏಪ್ರಿಲ್ ೨೦೨೩

ಗುದ್ಲೆಪ್ಪನವರಿಗೆ,

ಪತ್ರಿಕೆಯಲ್ಲಿ ನನ್ನ ಹೆಸರು ಇಲ್ಲದಿದ್ದರೆ ನಾನು ಪೂಜಾನ ಸೋದರಮಾವ ಅಲ್ಲ ಅಂತಾಗುತ್ತದೇನು? ಛಾಪಖಾನೆಯವನು ಹುಟ್ಟಿಸಿದ ಸಂಬಂಧವೇ ಅದು? ಅಕ್ಕಿಕಾಳಿಗೆ ಮದುಮಗಳ ಕೈ ಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ನಾನು ಬರುತ್ತೇನೆ. ಕರೆದರೂ ಬರುತ್ತೇನೆ, ಕರೆಯದಿದ್ದರೂ ಬರುತ್ತೇನೆ. ಮಹಾಲಿಂಗಪ್ಪನವರ ಮುಂದೆ, ಬೀಗರ ಎಲ್ಲರ ಮುಂದೆ ನಿಂತು ಕೇಳುತ್ತೇನೆ: "ಈ ಮನಷ್ಯಾ ಹೇಣ್ತಿ ಹೆಣಾನ ಒಂದ ದಿನಾ ಇಟಗೊಳ್ಳಲಿಲ್ರಿ. ನಿಮ್ಮ ಮನಿಗೆ ಬರೂ ಹುಡುಗಿ ಇಂಥಾ ಮನಿಯಾಕಿ" ಅಂತ. ಆಗ ಯಾರು ನನ್ನನ್ನು ಹಿಡಿದು ಎಳೆಯುತ್ತಾರೋ ನೋಡೋಣ.

ಅಂಕಿ ಬೇಕಂತೆ ಅಂಕಿ! ನಿಮಗೆ ಲೆಕ್ಕ ಒಪ್ಪಿಸಲು ನಾನು ನಿಮ್ಮ ವರ್ಕ್‌ಶಾಪಿನ ಆಳಲ್ಲ. ದೇಶದ ಆ ತುದಿಯಿಂದ ಈ ತುದಿಗೆ ಬರುವವನು ಎಷ್ಟು ಹೊತ್ತಿಗೆ ಬರುತ್ತಾನೋ ಅಷ್ಟು ಹೊತ್ತು ಕಾಯಬೇಕು. ನೀವು ಕಾಯಲಿಲ್ಲ, ಅಷ್ಟೇ. ಭಾನುವಾರ ಯಾರಿಗೋ ಟ್ರೇಲರ್ ಕಟ್ಟಿ ಕೊಡುವುದಿತ್ತು, ಅಂಗಳ ಖಾಲಿ ಆಗಬೇಕಿತ್ತು. ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ.

ತಸ್ಲೀಮಾ ಅಕ್ಕನಿಗೂ ಇವತ್ತೇ ಬರೆಯುತ್ತಿದ್ದೇನೆ. ಸೀರೆ ಈ ಪೊಟ್ಟಣದಲ್ಲಿದೆ. ನೀವು ಹತ್ತು ಸಲ ಕಳಿಸಿ, ನಾನು ಹನ್ನೊಂದು ಸಲ ಕಳಿಸುತ್ತೇನೆ.

ಫಕ್ಕೀರೇಶ


ಸವಣೂರು,
೨೨ ಏಪ್ರಿಲ್ ೨೦೨೩

ತಮ್ಮಾ ಫಕ್ಕೀರಾ,

ಇವತ್ತು ನಮಗೆ ರಂಜಾನ್ ಹಬ್ಬ. ಮನೆ ತುಂಬ ಜನ. ಆದರೂ ಅಡಿಗೆಮನೆ ಬಿಟ್ಟು ಹಿತ್ತಲಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ನಿನ್ನ ಪತ್ರ ನಿನ್ನೆ ಬಂತು. ಓದಿ ಇಟ್ಟೆ, ನಿದ್ದೆ ಬರಲಿಲ್ಲ. ಸಿಟ್ಟಿನಿಂದ.

ಸೀರೆ ನನ್ನದು. ಕೇಳಿದೆಯಲ್ಲ, ಕೇಳು. ಸಂಜೆ ಐದರವರೆಗೆ ನಿನ್ನ ದಾರಿ ನೋಡಿ, ಹೊತ್ತು ಮುಳುಗುವ ಮೊದಲು ಮುಗಿಸಬೇಕು ಅಂತ ಹಿರಿಯರು ಎದ್ದರು. ತವರಿನ ಸೀರೆ ಇಲ್ಲದೆ ಹೆಂಗಸರು ರತ್ನಾಳ ಮೈ ಮುಟ್ಟುವುದಿಲ್ಲ ಅಂತ ಕುಳಿತರು. ನಾನು ಸವಣೂರಿನಿಂದ ಹೊರಡುವಾಗಲೇ ಒಂದು ಹಸಿರು ಸೀರೆ ಕೊಂಡು ಚೀಲದಲ್ಲಿ ಇಟ್ಟುಕೊಂಡಿದ್ದೆ. ಯಾಕೆ ಕೊಂಡೆನೋ ನನಗೂ ಗೊತ್ತಿಲ್ಲ, ಗೆಳತಿಗೆ ಬರಿಗೈಲಿ ಹೋಗಬಾರದು ಅನಿಸಿತು. ಅದನ್ನು ತೆಗೆದು ಮುಂದಿಟ್ಟೆ. "ನಾನೂ ಅಬಲೂರ ಮಗಳ. ಒಂದ ಬಾಂವಿ ನೀರು ಕುಡದೇವಿ. ನಡೀತೈತೋ ಇಲ್ಲೋ ನೀವ ಹೇಳ್ರಿ" ಅಂದೆ. ಒಂದಿಬ್ಬರು ಮುಖ ಮುಖ ನೋಡಿಕೊಂಡರು. ಆಗ ಗುದ್ಲೆಪ್ಪಣ್ಣ ಬಾಗಿಲಲ್ಲಿ ನಿಂತು ಹೇಳಿದ: "ಬಂದಾಕಿ ಇಕಿ. ಬರದಾಂವ ಆಂವ. ಇಕಿನ ತವರು." ಮುಗಿಯಿತು. ಕುಳಿತ ಹೆಂಗಸರಲ್ಲಿ ಹಿರಿಯಳಾದ ಸರೋಜವ್ವ ಎದ್ದು ಸೀರೆ ಇಸಕೊಂಡಳು. ನಾನೇ ನೆರಿಗೆ ಹಿಡಿದೆ. ತಾಡಪತ್ರಿ ಅಂತ ಬರೆದಿದ್ದೆಯಂತೆ ಅವನಿಗೆ. ನಾಚಿಕೆ ಆಗಬೇಕು ನಿನಗೆ.

ಈಗ ನೀನು ಕೇಳದೆ ಇರುವುದನ್ನು ಹೇಳುತ್ತೇನೆ. ಅವರ ಮನೆಯಲ್ಲಿ ಟಿ.ವಿ. ಪಕ್ಕದ ಕ್ಯಾಲೆಂಡರ್ ನೋಡಿದ್ದೀಯಾ? ನೀನು ಆ ಊರಿಗೆ ಬದಲಿಯಾಗಿ ಹೋಗುವಾಗ ರತ್ನಾ ಅತ್ತದ್ದು ನೆನಪಿದೆಯಲ್ಲ. ಆಗ ನೀನು ಮೊಬೈಲಿನಲ್ಲಿ ಎರಡು ಊರ ಹೆಸರು ಹೊಡೆದು ಅವಳಿಗೆ ತೋರಿಸಿದೆ. ಹುಬ್ಬಳ್ಳಿಯಿಂದ ದಿಬ್ರುಗಢ, ಎರಡು ಸಾವಿರದ ನಾಲ್ಕುನೂರಾ ಐವತ್ತು ಕಿಲೋಮೀಟರ್, ವಿಮಾನದಲ್ಲಿ ಮೂರು ತಾಸು ಮೂವತ್ತೈದು ನಿಮಿಷ. "ನೀ ಒಂದ ಫೋನ್ ಮಾಡಬೇ, ಊಟದ ಹೊತ್ತಿಗೆ ಬಂದಿರತೇನಿ" ಅಂದೆ. ಅವಳು ಅದನ್ನು ಕ್ಯಾಲೆಂಡರಿನ ಮೇಲೆ ಬರೆದಳು. ವರ್ಷಾ ವರ್ಷಾ ಹೊಸ ಕ್ಯಾಲೆಂಡರ್ ಬಂದಾಗ ಮೊದಲ ಹಾಳೆಗೆ ಅದನ್ನು ಬರೆದು ಆಮೇಲೆ ಮೊಳೆಗೆ ಹಾಕುತ್ತಿದ್ದಳು. ಕಂಡವರಿಗೆಲ್ಲ ಹೇಳಿದ್ದೇ ಹೇಳಿದ್ದು. "ಅಬಲೂರಿಂದ ಬಸ್ಸಿನ್ಯಾಗ ಬರಾಕ ಇದಕ್ಕಿಂತ ಹೊತ್ತ ಹಿಡಿತೈತಿ. ನನ್ನ ತವರು ಭಾಳ ಸನೇದ ಐತಿ" ಅನ್ನುವಳು. ನಾನೇ ನೂರು ಸಲ ಕೇಳಿದ್ದೇನೆ.

ಆ ಶನಿವಾರ ಬೆಳಿಗ್ಗೆ ಗುದ್ಲೆಪ್ಪಣ್ಣ ಆ ಕ್ಯಾಲೆಂಡರ್ ನೋಡಿದ. ಆರೂ ಇಪ್ಪತ್ತಕ್ಕೆ ಮೂರೂವರೆ ತಾಸು ಕೂಡಿಸಿದ. ಹತ್ತು ಗಂಟೆ. ನಮ್ಮ ಮಗ ಅಫ್ಜಲ ಕಾರು ತಂದಿದ್ದ, ಅವನನ್ನು ಕರಕೊಂಡು ಸೀದಾ ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಹೋದ. ಹೌದು ತಮ್ಮಾ. ಹೆಂಡತಿಯನ್ನು ಗೋಡೆಗೆ ಒರಗಿಸಿ ಕೂರಿಸಿ, ನಿನ್ನನ್ನು ಕರೆತರಲು ಅವನೇ ಹೋದ. ಬೇರೆಯವರನ್ನು ಕಳಿಸಿದರೆ ನೀನು ಗುರುತು ಸಿಗದೆ ತಡ ಮಾಡಿಕೊಂಡೀಯ ಅಂತ. ಗೇಟಿನಲ್ಲಿ ಪೊಲೀಸಿನವನನ್ನು "ದಿಬ್ರುಗಢ ವಿಮಾನ ಎಷ್ಟಕ್ಕ ಬರತೈತ್ರಿ?" ಅಂತ ಕೇಳಿದನಂತೆ. ಅವನು ನಕ್ಕನಂತೆ. ಆದರೂ ಹೋಗಲಿಲ್ಲ. ಒಂದೊಂದು ವಿಮಾನ ಇಳಿದಾಗಲೂ ಕಂಬಿ ಹಿಡಿದು ನಿಂತು ಒಬ್ಬೊಬ್ಬರ ಮುಖ ನೋಡಿದ. ನೀರು ಸಹಿತ ಕುಡಿಯಲಿಲ್ಲ ಅಂತ ಅಫ್ಜಲ ಹೇಳುತ್ತಾನೆ. ಮಧ್ಯಾಹ್ನ ನಿನ್ನ ಫೋನ್ ಹತ್ತಿತಂತೆ. ನೀನು ಏನು ಹೇಳಿದೆ ಅಂತ ನಿನಗೇ ಗೊತ್ತು, ನಾನು ಬರೆಯುವುದಿಲ್ಲ. ನಾಲ್ಕು ಗಂಟೆಗೆ ಹಿರಿಯರು ಬೈದು ಕರೆಸಿದಾಗ ತಿರುಗಿ ಬಂದ.

ಅವನು ಕಾಯಲಿಲ್ಲ ಅಂತ ನೀನು ಊರ ತುಂಬ ಸಾರುತ್ತೀಯಾ? ಲಗ್ನದಲ್ಲಿ ಬೀಗರ ಮುಂದೆ ಹೇಳುತ್ತೀಯಾ? ಹೇಳಿ ನೋಡು. ಮೊದಲು ಎದ್ದು ನಿಲ್ಲುವವಳು ನಾನು.

ನಿನ್ನ ಅಕ್ಕನ ಜಾಗದಲ್ಲಿ ನಿಂತು ಬೈದಿದ್ದೇನೆ. ಹಬ್ಬದ ದಿನ ಬೈಸಿಕೊಂಡೆ ಅಂತ ಬೇಜಾರಾಗಬೇಡ.

ತಸ್ಲೀಮಾ


ದಿಬ್ರುಗಢ,
೨ ಮೇ ೨೦೨೩

ಮಾವ,

ಹಾಗೆ ಕರೆಯುವುದಿಲ್ಲ ಅಂತ ಬರೆದಿದ್ದೆ. ಬೇರೆ ಹೆಸರಿಂದ ಈ ಪತ್ರ ಶುರು ಮಾಡಲು ನಾಲ್ಕು ಸಲ ನೋಡಿದೆ, ಆಗಲಿಲ್ಲ.

ನೀವು ನಿಲ್ದಾಣದಲ್ಲಿ ಇದ್ದಿರಿ ಅಂತ ನನಗೆ ಗೊತ್ತಿರಲಿಲ್ಲ. ಮನೆಯಿಂದ ಫೋನ್ ಮಾಡುತ್ತಿದ್ದೀರಿ ಅಂದುಕೊಂಡೆ.

ಮಧ್ಯಾಹ್ನ ಒಂದೂ ನಲವತ್ತಕ್ಕೆ ನೀವು ಫೋನ್ ಮಾಡಿದಾಗ ನಾನು ಕೊಲ್ಕತ್ತಾದಲ್ಲಿ ಒಂದು ಕುರ್ಚಿಯ ಮೇಲೆ ಕುಳಿತಿದ್ದೆ. ಬೆಂಗಳೂರಿನ ವಿಮಾನ ಹೊರಡಲು ಇನ್ನೂ ಮೂರು ತಾಸು ಇತ್ತು. "ಎಲ್ಲದೀಯೋ?" ಅಂದಿರಿ. "ಬಂದೆ ಮಾವಾ, ಸನೇದಾಗ ಅದೇನಿ, ಬಂದಬಿಟ್ಟೆ" ಅಂದೆ. ಹಾಗೆ ಹೇಳಿ ಫೋನ್ ಆಫ್ ಮಾಡಿದೆ. ನೀವು ಎರಡನೆಯ ಪ್ರಶ್ನೆ ಕೇಳಬಾರದು ಅಂತ ಆಫ್ ಮಾಡಿದೆ. ನನ್ನ ಸುಳ್ಳನ್ನು ಚಂದ ಮಾಡಿ ಬರೆಯುವುದಿಲ್ಲ. ನಾಳೆ ಬೆಳಿಗ್ಗೆ ಬರುತ್ತೇನೆ ಅಂತ ಹೇಳಿದರೆ ನೀವು ಆಗಲೇ ಮಣ್ಣು ಕೊಡುತ್ತೀರಿ ಅಂತ ಹೆದರಿದೆ. ಸನಿಹ ಅಂದರೆ ಕಾಯುತ್ತೀರಿ, ಕಾಯುತ್ತ ಕಾಯುತ್ತ ರಾತ್ರಿಯಾಗುತ್ತದೆ, ರಾತ್ರಿ ಯಾರೂ ಮಣ್ಣು ಕೊಡುವುದಿಲ್ಲ, ಬೆಳಗಾಗುವುದರಲ್ಲಿ ನಾನು ಬಂದಿರುತ್ತೇನೆ. ಹೀಗೆ ಲೆಕ್ಕ ಹಾಕಿದೆ.

ಮೂರು ತಾಸು ಮೂವತ್ತೈದು ನಿಮಿಷದ್ದೂ ಅದೇ ಕಥೆ. ಅವಳು ಅಳುತ್ತಿದ್ದಳು, ಅಳು ನಿಲ್ಲಿಸಬೇಕಿತ್ತು. ಮೊದಲ ಸಲ ಇಲ್ಲಿಗೆ ಬಂದಾಗಲೇ ಅದು ಸುಳ್ಳು ಅಂತ ತಿಳಿಯಿತು. ಮತ್ತೆ ತಿದ್ದಿ ಹೇಳಲಿಲ್ಲ. ಪ್ರತಿ ಸಲ ಫೋನಿನಲ್ಲಿ "ಮೂರೂವರೆ ತಾಸಿನ ದಾರಿ, ಬಾರೋ" ಅಂತ ಅವಳು ಅನ್ನುವಾಗ "ಹೂಂ" ಅನ್ನುತ್ತಿದ್ದೆ.

ನೀವು ಕೇಳಿದ ಅಂಕಿ ೨೫ ತಾಸು ೫೦ ನಿಮಿಷ. ಅಷ್ಟು ಹೊತ್ತು ಕಾಯಬೇಕಿತ್ತು. ನಾನು ಹೇಳಿದ್ದರೆ.

ಟ್ರೇಲರಿನ ಮಾತು ಬರೆದದ್ದು ನಾಯಿಬುದ್ಧಿ. ಲಗ್ನಕ್ಕೆ ಬರುವುದಿಲ್ಲ. ಯಾರ ಮುಂದೂ ಏನೂ ಹೇಳುವುದಿಲ್ಲ.

ಫಕ್ಕೀರೇಶ


ತಡಸ,
೯ ಮೇ ೨೦೨೩

ಫಕ್ಕೀರೇಶನಿಗೆ,

ನಿನ್ನ ಸ್ಪೀಡ್ ಪೋಸ್ಟ್ ಇವತ್ತು ಮುಂಜಾನೆ ಬಂತು. ನಿಂತಲ್ಲೇ ಓದಿದೆ. ವೆಲ್ಡಿಂಗ್ ಕನ್ನಡಕ ತೆಗೆಯುವುದನ್ನೂ ಮರೆತು ಓದುತ್ತಿದ್ದೆ, ಆಮೇಲೆ ತೆಗೆದು ಮತ್ತೊಮ್ಮೆ ಓದಿದೆ.

ಈಗ ನಾನು ಹೇಳುವುದನ್ನು ನೀನೂ ಎರಡು ಸಲ ಓದು.

ಒಂದೂ ನಲವತ್ತಕ್ಕೆ ನಾನು ಫೋನ್ ಮಾಡಿದ್ದು ಸುಮ್ಮನೆ ಅಲ್ಲ. ಅಫ್ಜಲ ಅಂದಿದ್ದ, "ಕಾಕಾ, ಆಂವ ಇವತ್ತ ಮುಟ್ಟೂಹಂಗ ಕಾಣೂದಿಲ್ಲ. ಇಲ್ಲೇ ರೋಡಿಗೆ ಹೆಣಾ ಇಡೂ ಐಸ್ ಪೆಟ್ಟಿಗಿ ಬಾಡಿಗಿ ಕೊಡತಾರು, ಒಂದ ಹೇರಕೊಂಡ ಹೋಗೂಣೇನು? ನಾಳಿ ಮಧ್ಯಾನತನಕಾ ಚಿಂತಿಲ್ಲ" ಅಂತ. ಆ ಅಂಗಡಿ ನಾನು ನಿಂತ ಜಾಗಕ್ಕೆ ಕಾಣುತ್ತಿತ್ತು. ಬೋರ್ಡ್ ಓದಬಹುದಿತ್ತು. "ಒಂದ ಮಾತು ಕೇಳತೇನಿ ತಡಿ" ಅಂದು ನಿನಗೆ ಹಚ್ಚಿದೆ. ನೀನು ಸನಿಹ ಅದೇನಿ ಅಂದೆ. "ಬ್ಯಾಡೋ ಅಫ್ಜಲ, ಆಂವ ಬಂದಬಿಟ್ಟಾನ" ಅಂದೆ ನಾನು.

ನಾಳೆ ಬೆಳಿಗ್ಗೆ ಅಂತ ನೀನು ಅಂದಿದ್ದರೆ ಸಾಕಿತ್ತು. ಪೆಟ್ಟಿಗೆ ಬರುತ್ತಿತ್ತು. ನೀನು ಅಕ್ಕನ ಮುಖ ನೋಡುತ್ತಿದ್ದೆ. ನಿನ್ನ ಸೀರೆ ಉಟ್ಟೇ ಹೋಗುತ್ತಿದ್ದಳು. ಮಾವ ಕಾಯುವುದಿಲ್ಲ ಅಂತ ನೀನು ಎಣಿಸಿದೆ, ಅದಕ್ಕೇ ಅವಳನ್ನು ಕಳಕೊಂಡೆ. ಇಪ್ಪತ್ತಾರು ವರ್ಷದಲ್ಲಿ ನನ್ನನ್ನು ಅಷ್ಟೇ ತಿಳಿದಿದ್ದೆಯಾ? ಇದರಿಂದ ನನಗೆ ಎಲ್ಲಕ್ಕಿಂತ ಹೆಚ್ಚು ನೋವಾಗಿದೆ, ನೇರ ಹೇಳುತ್ತೇನೆ.

ನಿನ್ನದಷ್ಟೇ ಹೋಗಲಿಲ್ಲ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಅವಳು ಗೋಡೆಗೆ ಒರಗಿ ಕುಳಿತಿದ್ದಳು. ಊರೆಲ್ಲ ಬಂದು ಅವಳ ಹತ್ತಿರ ಕುಳಿತು ಎದ್ದುಹೋಯಿತು. ಗಂಡ ಅನ್ನುವವನು ಹುಬ್ಬಳ್ಳಿಯಲ್ಲಿ ಕಂಬಿ ಹಿಡಿದು ಕಂಡವರ ಮುಖ ನೋಡುತ್ತಿದ್ದ. ಮನೆಗೆ ಬಂದ ಮೇಲೆ ನನಗೆ ಸಿಕ್ಕದ್ದು ಒಂದು ತಾಸು, ಅದೂ ಜನರ ನಡುವೆ. ಉಳಿದ ಏಳು ತಾಸನ್ನು ಯಾರು ತಂದುಕೊಡುತ್ತಾರೆ?

ಮಾಫಿ ಮಾಡಿದ್ದೇನೆ ಅಂತ ತಿಳಿಯಬೇಡ, ಮಾಡಿಲ್ಲ. ಮುಂದೆ ಮಾಡುತ್ತೇನೋ ಇಲ್ಲವೋ ಅದೂ ಗೊತ್ತಿಲ್ಲ. ಸೀರೆ ಈ ಸಲ ತಿರುಗಿ ಕಳಿಸುತ್ತಿಲ್ಲ. ಮನಸ್ಸು ಕರಗಿದ್ದಕ್ಕಲ್ಲ, ಪೋಸ್ಟಿಗೆ ಅಡ್ಡಾಡಿ ಸಾಕಾಗಿದೆ.

ಇನ್ನು ಲಗ್ನದ ಮಾತು. ಬರುವುದಿಲ್ಲ ಅಂತ ಬರೆದು ನೀನು ದೊಡ್ಡವನಾಗಬೇಡ. ನಿನ್ನೆ ಪೂಜಾ ಮಹಾಲಿಂಗಪ್ಪನವರ ಮನೆ ಹೆಂಗಸರ ಮುಂದೆ ಹೇಳುತ್ತಿದ್ದಳು: "ನಮ್ಮ ಮಾಮಾ ಮುಂಜಾನೆದ್ದು ಹೊಂಟರೂ ಅಕ್ಕಿಕಾಳಿಗೆ ಮುಟ್ಟತಾನ್ರಿ. ಮೂರೂವರೆ ತಾಸಿನ ದಾರಿ." ತಾಯಿಯ ಹಂಗೇ ಕೈ ತಿರುಗಿಸಿ ಹೇಳಿದಳು. ನಾನು ಒಳಗೆ ಕುಳಿತು ಕೇಳಿದೆ. ಈ ಸುಳ್ಳು ಈಗ ಅವಳ ಬಾಯಿಗೆ ಬಂದಿದೆ. ನಾಳೆ ನಾನು ಸತ್ತಾಗ ಅವಳೂ ಆ ಕಂಬಿಯ ಹತ್ತಿರ ಹೋಗಿ ನಿಲ್ಲುತ್ತಾಳೆ.

ಅವಳಿಗೆ ಖರೇ ಹೇಳು. ನಾನು ಹೇಳುವುದಿಲ್ಲ. ಬಿಚ್ಚಬೇಕಾದವನು ಗಂಟು ಹಾಕಿದವನು. ಬರೆದು ಕಳಿಸು, ಆಮೇಲೆ ಬರುವುದಿದ್ದರೆ ಬಾ. ಮಂಟಪದಲ್ಲಿ ಅವಳ ಕೈ ಹಿಡಿ. ನನ್ನ ಬಾಜೂ ನಿಲ್ಲಬೇಡ.

ಗುದ್ಲೆಪ್ಪ


ದಿಬ್ರುಗಢ,
೧೪ ಮೇ ೨೦೨೩

ಪೂಜಾ,

ನಿನಗೆ ನಾನು ಬರೆಯುತ್ತಿರುವ ಮೊದಲ ಪತ್ರ ಇದು. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ನಿಜ ಹೇಳುವ ಮನುಷ್ಯ ಅಲ್ಲ ಅಂತ ನಿಮ್ಮ ಅಪ್ಪ ಹೇಳುತ್ತಾನೆ. ಅವನು ಹೇಳುವುದು ಸರಿ.

ನಿಮ್ಮ ಮನೆಯ ಕ್ಯಾಲೆಂಡರಿನ ಮೇಲೆ ನಿಮ್ಮ ಅವ್ವ ಬರೆದಿದ್ದು ಸುಳ್ಳು. ಅವಳಿಗೆ ಅದನ್ನು ಹೇಳಿಕೊಟ್ಟವನು ನಾನು. ಮೊಬೈಲಿನಲ್ಲಿ ಎರಡು ಊರಿನ ಹೆಸರು ಹೊಡೆದರೆ ನಡುವೆ ನೂಲು ಎಳೆದ ಹಾಗೆ ಒಂದು ಗೆರೆ ಎಳೆಯುತ್ತಾರೆ. ಆ ಗೆರೆಯ ಉದ್ದ ಎರಡು ಸಾವಿರದ ನಾಲ್ಕುನೂರಾ ಐವತ್ತು ಕಿಲೋಮೀಟರ್. ಅದರ ಮೇಲೆ ಒಂದು ವಿಮಾನ ಎಲ್ಲೂ ನಿಲ್ಲದೆ ಹಾರಿದರೆ ಮೂರು ತಾಸು ಮೂವತ್ತೈದು ನಿಮಿಷ. ಲೆಕ್ಕ ಸರಿಯಿದೆ. ಆದರೆ ಆ ವಿಮಾನ ಇಲ್ಲ ಪೂಜಾ. ನಾನು ಇಲ್ಲಿಗೆ ಬಂದಾಗಿನಿಂದ ಒಂದು ದಿನವೂ ಇರಲಿಲ್ಲ.

ಆ ದಿನ ನಾನು ಬಂದ ದಾರಿಯನ್ನು ಬರೆಯುತ್ತೇನೆ, ನೋಡು. ನನ್ನ ಕ್ವಾರ್ಟರ್ಸ್ ದಿಬ್ರುಗಢದಲ್ಲಿ ಇಲ್ಲ, ಕಾಗದಕ್ಕೆ ವಿಳಾಸ ಅಷ್ಟೇ ಅದು. ಎರಡೂವರೆ ತಾಸು ದೂರದ ಸಣ್ಣ ಸ್ಟೇಶನ್. ಆರೂ ಇಪ್ಪತ್ತಕ್ಕೆ ನಿಮ್ಮ ಅಪ್ಪನ ಫೋನ್. ಆರೂ ಐವತ್ತಕ್ಕೆ ಒಬ್ಬರ ಜೀಪು. ಒಂಬತ್ತೂವರೆಗೆ ವಿಮಾನ ನಿಲ್ದಾಣ. ಹನ್ನೊಂದೂ ನಲವತ್ತಕ್ಕೆ ಅದು ಹಾರಿತು. ಒಂದೂ ಇಪ್ಪತ್ತಕ್ಕೆ ಕೊಲ್ಕತ್ತಾ. ಅಲ್ಲಿ ಮೂರು ತಾಸು ಸುಮ್ಮನೆ ಕುಳಿತಿದ್ದೆ. ಆ ಮೂರು ತಾಸಿನಲ್ಲಿಯೇ ನಿಮ್ಮ ಅಪ್ಪನಿಗೆ "ಸನೇದಾಗ ಅದೇನಿ" ಅಂತ ಹೇಳಿದೆ. ನಾಲ್ಕೂವರೆಗೆ ಹೊರಟು ಏಳೂ ಹದಿನೈದಕ್ಕೆ ಬೆಂಗಳೂರು. ಫೋನ್ ಚಾಲೂ ಮಾಡಿದಾಗ ನಿಮ್ಮ ಮನೆಯಲ್ಲಿ ಎಲ್ಲ ಮುಗಿದಿತ್ತು. ಆಮೇಲೆ ಬಸ್ಸು. ಮರುದಿನ ಬೆಳಿಗ್ಗೆ ಏಳೂವರೆಗೆ ತಡಸ ಕ್ರಾಸಿನಲ್ಲಿ ಇಳಿದೆ. ಎಂಟೂ ಹತ್ತಕ್ಕೆ ನಿಮ್ಮ ಹೊಲ. ಒಟ್ಟು ಇಪ್ಪತ್ತೈದು ತಾಸು ಐವತ್ತು ನಿಮಿಷ. ಅದಾದ ಮೇಲೆ ಸಲಿಕೆಗೆ ಕೈ ಹಾಕಿದ್ದನ್ನು ನೀನೇ ನೋಡಿದ್ದೀ. ಅಗೆಯಬೇಕಾದದ್ದು ನನ್ನ ಸುಳ್ಳನ್ನು, ಅವಳ ಮಣ್ಣನ್ನಲ್ಲ. ಆಗ ಅಷ್ಟು ಬುದ್ಧಿ ಇರಲಿಲ್ಲ.

ನಿಮ್ಮ ಅಪ್ಪ ಕಾಯಲಿಲ್ಲ ಅಂತ ಯಾರಾದರೂ ಹೇಳಿದರೆ, ಅದನ್ನು ಮೊದಲು ಹೇಳಿದವನು ನಾನು. ನಂಬಬೇಡ. ಅವನಷ್ಟು ಕಾದವರು ಯಾರೂ ಇಲ್ಲ.

ನಾನು ೧೯ರ ಬೆಳಿಗ್ಗೆ ಆರಕ್ಕೆ ಹೊರಡುತ್ತೇನೆ. ೨೦ರ ಬೆಳಿಗ್ಗೆ ತಡಸ ಕ್ರಾಸಿನಲ್ಲಿ ಇಳಿಯುತ್ತೇನೆ. ಅಕ್ಕಿಕಾಳಿಗೆ ಒಂದು ಹಗಲು, ಒಂದು ರಾತ್ರಿ ಮೊದಲೇ ಬಂದಿರುತ್ತೇನೆ. ಹುಬ್ಬಳ್ಳಿಗೆ ಯಾರನ್ನೂ ಕಳಿಸಬೇಡಿ. ದಾರಿಯಲ್ಲಿ ನೀನು ಫೋನ್ ಮಾಡಿದಾಗ ನಾನು ಎಲ್ಲಿದ್ದೇನೋ ಆ ಊರಿನ ಹೆಸರು ಹೇಳುತ್ತೇನೆ. ಸನಿಹ ಅಂತ ಹೇಳುವುದಿಲ್ಲ. ಬಂದ ಮೇಲೆ ಮೊದಲು ಹೊಲಕ್ಕೆ ಹೋಗುತ್ತೇನೆ, ಬರಿಗೈಯಲ್ಲಿ. ಆಮೇಲೆ ನಿಮ್ಮ ಅಪ್ಪ ಒಳಗೆ ಕರೆದರೆ ಒಳಗೆ ಬರುತ್ತೇನೆ, ಇಲ್ಲದಿದ್ದರೆ ತಸ್ಲೀಮಾ ಅಕ್ಕನ ಮನೆಯಲ್ಲಿ ಇಳಿದುಕೊಳ್ಳುತ್ತೇನೆ.

ಇನ್ನು ಒಂದೇ ಕೆಲಸ ನಿನಗೆ ಹೇಳುತ್ತೇನೆ. ನೀನು ಹಾನಗಲ್ಲಿಗೆ ಹೋದ ಮೇಲೆ ನಿನ್ನ ಮನೆಯಲ್ಲಿಯೂ ಒಂದು ಕ್ಯಾಲೆಂಡರ್ ಹಾಕುತ್ತೀಯಲ್ಲ, ಅದರ ಮೊದಲ ಹಾಳೆಯ ಮೇಲೆ ಬರೆದುಕೊ: "ಮಾಮಾ, ೨೫ ತಾಸು ೫೦ ನಿಮಿಷ." ನಿನಗ ಏನ ಕಷ್ಟ ಬಂದ್ರೂ ಒಂದ ದಿನಾ ಮೊದಲ ಫೋನ್ ಮಾಡಬೇ, ತಂಗಿ. ನನ್ನ ಊರು ದೂರ ಐತಿ.

ನಿನ್ನ ಮಾಮಾ,
ಫಕ್ಕೀರೇಶ